ಎಮ್ಮೆಗೂ ಕೊಪ್ಪರಿಗೆಗೂ ನಡುವೆ

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಮರೆತುಹೋಗಿದೆಯೆಂದಲ್ಲ. ಬರೆಯಕೂಡದು ಎಂದು ಅವರೇ ನನ್ನಿಂದ ಮಾತು ತೆಗೆದುಕೊಂಡು ಹೋಗಿದ್ದಾರೆ. "ನನ್ನ ಹೆಸ್ರು ರೇಷನ್ ಕಾರ್ಡಿನಾಗೈತೆ, ಪೆನ್ಶನ್ ಪುಸ್ತಕದಾಗೈತೆ, ವೋಟರ್ ಲಿಸ್ಟಿನಾಗಂತೂ ಎರಡೆರಡು ಕಡೆ ಐತೆ. ಸಾಕು ಬುಡಿ ಮೇಡಂ," ಎಂದು ನಕ್ಕಿದ್ದರು. ಹೋದ ಆಷಾಢದಲ್ಲಿ ತೀರಿಕೊಂಡರು. ಅವರಿಗೆ ಬೇಕಾಗಿದ್ದುದು ತಮ್ಮ ಹೆಸರಲ್ಲ, ತಮ್ಮ ಅಜ್ಜಿಯ ಹೆಸರು. ಯಾವುದಾದರೂ ಹಳೆಯ ಕಾಗದದಲ್ಲಿ, ಯಾರದಾದರೂ ಕೈಬರಹದಲ್ಲಿ, ಆ ಒಂದು ಹೆಸರು ಬರೆದಿರುವುದನ್ನು ಕಣ್ಣಾರೆ ನೋಡಬೇಕು ಎನ್ನುವುದೊಂದೇ ಅವರ ಹಟ. ಅದಕ್ಕಾಗಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಎಷ್ಟು ಮನೆಗಳ ಕಾಗದಗಳನ್ನು ಓದಿದ್ದರೋ ಅವರಿಗೇ ಲೆಕ್ಕವಿರಲಿಲ್ಲ.

ಸರ್ಕಾರಿ ಕಚೇರಿಯೊಂದರ ಹಳೇ ದಾಖಲೆಗಳ ಕೋಣೆಯಲ್ಲಿ ಅಟೆಂಡರ್ ಆಗಿದ್ದವರು. ಕಟ್ಟು ಬಿಚ್ಚುವುದು, ಧೂಳು ಕೊಡವುವುದು, ಮತ್ತೆ ಕಟ್ಟು ಕಟ್ಟುವುದು, ಇಷ್ಟೇ ಅವರ ಕೆಲಸ. ಆದರೆ ಅಲ್ಲಿದ್ದ ಮುದುಕ ಗುಮಾಸ್ತರೊಬ್ಬರಿಗೆ ಕಣ್ಣು ಮಂಜಾಗುತ್ತ ಬಂದಾಗ, ಅಕ್ಷರದ ಆಕಾರವನ್ನು ಹೇಳುವುದು ಇವರ ಪಾಲಿಗೆ ಬಂತು. "ಕೊಕ್ಕೆ ಹಂಗೈತೆ ಸ್ವಾಮಿ, ಮ್ಯಾಲೊಂದು ಬಾಲ ಐತೆ" ಎಂದು ಇವರು ಹೇಳಿದರೆ ಅವರು ಅದು ಯಾವ ಅಕ್ಷರ ಎಂದು ಹೇಳುತ್ತಿದ್ದರಂತೆ. ಹಾಗೇ ಹತ್ತಾರು ವರ್ಷದಲ್ಲಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆದ ಹಳೆಯ ಮೋಡಿ ಬರಹವೆಲ್ಲ ಇವರಿಗೆ ನೀರು ಕುಡಿದಷ್ಟು ಸಲೀಸಾಯಿತು. ರಿಟೈರ್ ಆದ ಮೇಲೆ ಮಧುಗಿರಿಯ ಒಂದು ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಜಮೀನಿನ ತಕರಾರು ಇದ್ದವರೆಲ್ಲ ಹಳೆಯ ಕಾಗದ ಹಿಡಿದುಕೊಂಡು ಅಲ್ಲಿಗೇ ಬರುತ್ತಿದ್ದರು.

ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡಿರುತ್ತಿದ್ದರು. ಎರಡರಲ್ಲೂ ಇಂಕು ಇರುತ್ತಿರಲಿಲ್ಲ. ಕೇಳಿದ್ದಕ್ಕೆ, "ಬರೆಯೋದು ನನ್ನ ಕೆಲಸ ಅಲ್ಲ ಮೇಡಂ, ಓದೋದಷ್ಟೇ. ಹಳೇ ಕಾಗದದ ಮ್ಯಾಲೆ ಒಂದು ಚುಕ್ಕೆ ಇಕ್ಕಿದ್ರೂ ಅದು ಮೋಸ" ಎಂದಿದ್ದರು. ಹಾಗಾದರೆ ಪೆನ್ನು ಯಾತಕ್ಕೆ? "ಪೆನ್ನಿಲ್ಲದೋನ ಮಾತು ನಮ್ಮ ಜನ ನಂಬಕಿಲ್ಲ!"

ನಾನು ಕೊರಟಗೆರೆಯವಳು, ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನಮ್ಮ ಮೂಲ ಊರು ಕೊಳಾಲದ ಕಡೆಯ ಹಳ್ಳಿ. ನಮ್ಮ ಮನೆತನದವರೆಲ್ಲ ಒಂದು ದಿನ ಸೇರಬೇಕು, ಆವತ್ತು ಮನೆತನದ ಚರಿತ್ರೆಯ ಪುಸ್ತಕವೊಂದನ್ನು ಎಲ್ಲರ ಕೈಗೆ ಕೊಡಬೇಕು ಎಂದು ನಮ್ಮಣ್ಣನಿಗೆ ಆಸೆ ಹುಟ್ಟಿತು. ಅಣ್ಣನದು ಮಧುಗಿರಿಯಲ್ಲಿ ಜವಳಿ ಅಂಗಡಿ. ಆಸೆ ಅವನದು, ಕೆಲಸ ನನ್ನದು. ಅದು ನಮ್ಮ ಮನೆಯಲ್ಲಿ ಮೊದಲಿನಿಂದಲೂ ನಡೆದುಬಂದ ಪದ್ಧತಿ! ಹಳೆಯ ಪೆಟ್ಟಿಗೆಯಲ್ಲಿ ನಮ್ಮ ಮುತ್ತಜ್ಜನ ಅಪ್ಪನ ಕಾಲದ ಪಾಲುಪಟ್ಟಿ ಸಿಕ್ಕಿತು. ಅಣ್ಣತಮ್ಮಂದಿರು ಬೇರೆಯಾಗುವಾಗ ಮನೆಯಲ್ಲಿ ಇರುವುದನ್ನೆಲ್ಲ ಒಂದೊಂದಾಗಿ ಬರೆದು, ಯಾವುದು ಯಾರಿಗೆ ಎಂದು ಹಂಚಿಕೊಂಡ ಕಾಗದ ಅದು. ನಾನು ಕನ್ನಡ ಮೇಷ್ಟ್ರಮ್ಮ ತಾನೇ, ನನಗೇನು ಬರುವುದಿಲ್ಲವೇ ಎಂಬ ಜಂಬದಲ್ಲಿ ಭೂತಗನ್ನಡಿ ಹಿಡಿದುಕೊಂಡು ನಾನೇ ಓದಿದೆ. ಮುಕ್ಕಾಲು ಪಾಲು ಓದಲು ಬಂತು ಕೂಡ.

ಮೇಲೆ ಬಂಗಾರ, ಬೆಳ್ಳಿ. ಆಮೇಲೆ ಹೊಲ, ಬಾವಿ, ಹುಣಸೆ ಮರ. ಆಮೇಲೆ ದನ. ಅಲ್ಲಿ ಹೀಗಿತ್ತು: ಎತ್ತು ನಾಲ್ಕು, ಹಸು ಮೂರು, ಎಮ್ಮೆ ಎರಡು, ಹನುಮ ಒಂದು, ತಿಮ್ಮಿ ಒಂದು, ಕೆಂಚಿ ಒಂದು, ಕೂಸು ಒಂದು. ಅದರ ಕೆಳಗೆ ತಾಮ್ರದ ಕೊಪ್ಪರಿಗೆ ಒಂದು. ಅದರ ಕೆಳಗೆ ಹಿತ್ತಾಳೆ ಪಾತ್ರೆ, ಬೀಸೋಕಲ್ಲು, ಒನಕೆ, ಮೊರ.

ನನಗೆ ಎಷ್ಟು ಖುಷಿಯಾಯಿತು ಗೊತ್ತೇ? ದನಕ್ಕೂ ಹೆಸರಿಟ್ಟು ಕರೆದ ಮನೆತನ ನಮ್ಮದು ಎಂದು ಎದೆಯುಬ್ಬಿಹೋಯಿತು. ಕೂತವಳೇ ಬರೆದೆ. "ನಮ್ಮ ಹಿರಿಯರಿಗೆ ಮೂಕಜೀವಿಗಳ ಮೇಲಿದ್ದ ಮಮತೆಗೆ ಈ ಪಟ್ಟಿಯೇ ಸಾಕ್ಷಿ. ಪ್ರೀತಿಯ ದನಗಳನ್ನು ಹೆಸರು ಹಿಡಿದು ಬರೆದಿದ್ದಾರೆ. ಎಳೆಗರುವನ್ನು ಕರು ಎನ್ನದೆ ಕೂಸು ಎಂದಿದ್ದಾರೆ." ಅಣ್ಣನಿಗೆ ಫೋನಿನಲ್ಲಿ ಓದಿ ಹೇಳಿದೆ. "ಇದನ್ನ ಮೊದಲನೇ ಪುಟಕ್ಕೇ ಹಾಕು ಕಣೇ" ಎಂದ.

ಬಂಗಾರದ ಒಡವೆಗಳ ಕಡೆ ಒಂದೆರಡು ಸಾಲು ಓದಲಾಗದೆ ಉಳಿದಿದ್ದವು. ಅಷ್ಟಕ್ಕೆ ಮಾತ್ರ ಆ ಜೆರಾಕ್ಸ್ ಅಂಗಡಿಗೆ ಹೋದೆ.

ಅವರು ಮೊದಲು ಎದ್ದು ಹೋಗಿ ಕೈ ತೊಳೆದುಕೊಂಡು, ಪಂಚೆಯ ಅಂಚಿಗೆ ಒರೆಸಿಕೊಂಡು ಬಂದರು. ಕಾಗದ ಬಿಡಿಸಿ ಕೆಳಗಿನ ತುದಿಗೆ ಬೆರಳಿಟ್ಟರು. ಒನಕೆ. ಮೊರ. ಬೀಸೋಕಲ್ಲು.

"ಯಜಮಾನ್ರೇ, ನನಗೆ ಬೇಕಾದ್ದು ಮೇಲಿದೆ," ಎಂದೆ. ಕೊನೆಯವರೆಗೂ ಅವರನ್ನು ಹಾಗೇ ಕರೆದೆ.

"ಇರಿ ಮೇಡಂ. ನಾನು ತಳದಿಂದ್ಲೇ ಓದೋದು. ಮ್ಯಾಲಿಂದ ಓದಿದ್ರೆ ಕಣ್ಣು ಬಂಗಾರದ ಮ್ಯಾಲೇ ನಿಂತ್ಬುಡ್ತದೆ. ಕೆಳಗಿರೋದು ಕಾಣಾಕಿಲ್ಲ."

ಹಿತ್ತಾಳೆ ಪಾತ್ರೆ ದಾಟಿ, ಕೊಪ್ಪರಿಗೆ ದಾಟಿ, ಬೆರಳು ನಿಂತಿತು. ಪಕ್ಕದಲ್ಲಿದ್ದ ಹಳೇ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದು, ಅದರಿಂದ ಹುಣಸೆಬೀಜಗಳನ್ನು ಆರಿಸಿ ಮೇಜಿನ ಮೇಲೆ ಒಂದೊಂದಾಗಿ ಇಟ್ಟರು. ಮೂರು ದಪ್ಪ ಬೀಜ. ಆಮೇಲೆ ತಡಕಾಡಿ ತಡಕಾಡಿ ಒಂದು ಸಣ್ಣ ಬೀಜ ಹುಡುಕಿ ಮೂರನೆಯದರ ಪಕ್ಕಕ್ಕೆ ಇಟ್ಟರು.

"ಇದೇನು?"

"ಜನ," ಎಂದರು. "ಮೂರು ಜನ. ಒಂದು ಕೂಸು."

"ಅಯ್ಯೋ, ಅದು ದನದ ಹೆಸರು! ಎಮ್ಮೆ ಎರಡು ಅಂತ ಆದಮೇಲೆ ಬಂದಿದೆ ನೋಡಿ. ನಾನಾಗಲೇ ಬರೆದೂ ಆಗಿದೆ" ಎಂದು ನನ್ನ ಬರಹವನ್ನು ಬೇರೆ ತೆಗೆದು ಓದಿದೆ. ಮಮತೆ, ಮೂಕಜೀವಿ, ಕೂಸು, ಎಲ್ಲವನ್ನೂ. ಈಗ ನೆನೆಸಿಕೊಂಡರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಅವರು ನಗಲಿಲ್ಲ, ಬೈಯಲೂ ಇಲ್ಲ. ಪಾಠ ಒಪ್ಪಿಸುವ ಮಗುವಿನ ಮಾತು ಕೇಳುವಂತೆ ಪೂರ್ತಿ ಕೇಳಿದರು. ಆಮೇಲೆ ಹೇಳಿದರು. "ದನಕ್ಕೆ ಬಣ್ಣ ಬರೀತಾರೆ, ಕೊಂಬು ಬರೀತಾರೆ, ಎಷ್ಟು ಹಲ್ಲು ಅಂತ ಬರೀತಾರೆ. ಹೆಸ್ರು ಬರೆಯಾಕಿಲ್ಲ ಕಣಮ್ಮ. ನಾನು ಇಷ್ಟು ಪಟ್ಟಿ ಓದಿವ್ನಿ, ಒಂದು ಎತ್ತಿನ ಹೆಸ್ರೂ ಕಂಡಿಲ್ಲ. ಹೆಸ್ರು ಬರೆಯೋದು ಓಡಿಹೋಗೋರಿಗೆ. ಓಡಿಹೋದ್ರೆ ಕೂಗಿ ಹಿಡ್ಕೊಂಬರೋಕೆ ಹೆಸ್ರು ಬೇಕಲ್ಲ."

ಜೆರಾಕ್ಸ್ ಯಂತ್ರ ತನ್ನ ಪಾಡಿಗೆ ತಾನು ಗರಗರ ಎನ್ನುತ್ತಿತ್ತು. ಅವರ ಬೆರಳು ಅಷ್ಟರಲ್ಲಿ ಪಕ್ಕದ ಅಂಕಣಕ್ಕೆ ಹೋಗಿತ್ತು. ಯಾವುದು ಯಾರ ಪಾಲಿಗೆ ಎಂದು ಬರೆದಿದ್ದ ಅಂಕಣ. ನಾನು ಅದನ್ನು ಗಮನವಿಟ್ಟು ನೋಡಿಯೇ ಇರಲಿಲ್ಲ. ಹನುಮ, ಕೆಂಚಿ, ಕೊಪ್ಪರಿಗೆ, ಇವು ಹಿರಿಯವನ ಪಾಲಿಗೆ. ತಿಮ್ಮಿ ಕಿರಿಯವನ ಪಾಲಿಗೆ. ಕೂಸೂ ಕಿರಿಯವನ ಪಾಲಿಗೆ.

ಅವರು ಸಣ್ಣ ಬೀಜವನ್ನು ಕೆಂಚಿಯ ಬೀಜದ ಪಕ್ಕದಿಂದ ತೆಗೆದು ಮೇಜಿನ ಆಚೆ ತುದಿಗೆ ಸರಿಸಿದರು. ಶಿವನೇ, ಆ ಬೆರಳು ಎಷ್ಟು ನಿಧಾನವಾಗಿ ಸರಿಯಿತು! ನಾವು ಹಿರಿಯವನ ವಂಶದವರು. ಕಿರಿಯವನು ಪಾಲಾದ ಮೇಲೆ ಚನ್ನರಾಯನದುರ್ಗದ ಆಚೆಯ ಹಳ್ಳಿಗೆ ಹೋಗಿ ನೆಲೆಸಿದ ಎಂದು ನಾನೇ ಅದೇ ಪುಸ್ತಕದಲ್ಲಿ ಬರೆದಿದ್ದೆ.

ಆಮೇಲಿನ ತಿಂಗಳುಗಳಲ್ಲಿ ವಾರಕ್ಕೊಮ್ಮೆಯಾದರೂ ಅಲ್ಲಿಗೆ ಹೋಗುತ್ತಿದ್ದೆ. ಮೊದಮೊದಲು ಅಪರಾಧ ಮಾಡಿದವಳ ಹಾಗೆ, ಆಮೇಲಾಮೇಲೆ ಅಕ್ಷರ ಕಲಿಯುವ ಆಸೆಗೆ. ಅವರು ಪಕ್ಕದ ಹೋಟೆಲಿನಿಂದ ಟೀ ತರಿಸಿ, ಬನ್ನನ್ನು ನಾಲ್ಕು ತುಂಡು ಮಾಡಿ, ಎರಡನ್ನು ನನ್ನ ಕಡೆ ತಳ್ಳುತ್ತಿದ್ದರು. ಬೇಡವೆಂದರೆ ಕೇಳುತ್ತಿರಲಿಲ್ಲ.

ಒಂದು ದಿನ ಪಾವಗಡದ ಕಡೆಯ ರೈತನೊಬ್ಬ ಬಾವಿಯ ತಕರಾರಿಗೆ ಕಾಗದ ತಂದಿದ್ದ. ಇವರು ತಮ್ಮ ಪದ್ಧತಿಯಂತೆ ತಳದಿಂದ ಶುರುಮಾಡಿ, ಬೀಜ ಇಡುತ್ತ ಕೂತರು. ಆತನಿಗೆ ರೇಗಿಹೋಯಿತು. "ಆ ಜನಾನ್ ಕಟ್ಟಿಕೊಂಡು ನನಗೇನಾಗಬೇಕ್ರಪ್ಪೋ, ಬಾವಿ ಸಂಗತಿ ಚೆಪ್ಪು ಸ್ವಾಮಿ!" ಎಂದ. ಇವರು ತಲೆಯೆತ್ತದೆ ಅವನ ತೆಲುಗಿನಲ್ಲೇ, "ಬಾವಿ ತವ್ವಿಂದಿ ವೀಳ್ಳೇ ಕದಪ್ಪಾ" ಎಂದರು. ಬಾವಿ ತೋಡಿದವರು ಇವರೇ ತಾನೇ ಎಂದು. ಆತ ಬೀಜಗಳ ಕಡೆ ಬಗ್ಗಿ, "ಎಷ್ಟು ಜನ?" ಎಂದು ಕೇಳಿದ. ಓದಿ ಮುಗಿದ ಮೇಲೆ ಇವರು ಕೊಟ್ಟ ಬೀಜಗಳನ್ನು ಬಿಸಾಡದೆ ಟವೆಲಿನ ಅಂಚಿಗೆ ಕಟ್ಟಿಕೊಂಡು ಹೋದ. ಎಲ್ಲರೂ ಹಾಗಿರುತ್ತಿರಲಿಲ್ಲ. ಶಿರಾದಿಂದ ಬಂದಿದ್ದ ಒಬ್ಬರು, "ಇದೆಲ್ಲ ಬೇಕಾರ್ ಮಾತು" ಎಂದು ಕಾಗದ ಕಿತ್ತುಕೊಂಡು ಹೋಗಿದ್ದನ್ನೂ ನೋಡಿದ್ದೇನೆ. ಇವರು ಉಳಿದ ಬೀಜಗಳನ್ನು ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ತಣ್ಣಗಾದ ಟೀ ಕುಡಿದರು.

ಅಜ್ಜಿಯ ಸಂಗತಿಯನ್ನು ಹೇಳಿದ್ದು ಒಂದೇ ಸಲ. ಪಾವಗಡದ ಕಡೆಯ ಮನೆಯೊಂದರಿಂದ ಮಿಡಿಗೇಶಿಯ ಕಡೆಗೆ ಮದುವೆಯಾಗಿ ಬಂದ ಹೆಣ್ಣಿನ ಜೊತೆ ಬಳುವಳಿಯಾಗಿ ಒಂದು ಹಸು, ಒಂದು ಮಂಚ, ಒಬ್ಬಳು ಹುಡುಗಿ ಬಂದರಂತೆ. ಆ ಹುಡುಗಿಯೇ ಇವರ ಅಜ್ಜಿ. ಗಾಡಿಯಲ್ಲಿ ಮಂಚ ಇಟ್ಟಿದ್ದರಿಂದ ಹುಡುಗಿಗೆ ಜಾಗವಿರಲಿಲ್ಲ. ಹಸುವಿನ ಹಗ್ಗ ಹಿಡಿದುಕೊಂಡು ನಡೆದಳಂತೆ.

"ಆ ಮನೆಯೋರ ಬಳುವಳಿ ಪಟ್ಟಿ ನನ್ನ ಕೈಗೇ ಬಂತು ಮೇಡಂ. ಕೈ ತೊಳ್ಕೊಂಡ್ಬಂದೆ. ತಳದಿಂದ ಓದ್ದೆ. ಹಸು ಐತೆ, ಬಣ್ಣ ಬರೆದವ್ರೆ. ಮಂಚ ಐತೆ, ಯಾವ ಮರದ್ದು ಅಂತ ಬರೆದವ್ರೆ. ಅಜ್ಜಿ ಇಲ್ಲ." ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಒತ್ತಿದರು. "ಬರೆದಿದ್ರೆ ಹೊಟ್ಟೆ ಉರೀತಿತ್ತು. ಬರೆದಿಲ್ಲ ಅಂತ್ಲೂ ಹೊಟ್ಟೆ ಉರೀತದೆ. ಯಾವ್ದು ವಾಸಿ ಅಂತ ಇನ್ನೂ ಗೊತ್ತಾಗಿಲ್ಲ."

ಆದರೂ ಹುಡುಕುವುದನ್ನು ಬಿಟ್ಟಿರಲಿಲ್ಲ. ಪಾಲಿನಲ್ಲೋ ಜಗಳದಲ್ಲೋ ಇನ್ಯಾವುದೋ ಕಾಗದದಲ್ಲೋ ಎಲ್ಲಾದರೂ ಒಂದು ಕಡೆ ಬರೆದೇ ಇರುತ್ತಾರೆ ಎಂಬ ನಂಬಿಕೆ. ಆಕೆಗೆಂದು ಒಂದು ಹುಣಸೆಬೀಜವನ್ನು ಬೇರೆಯಾಗಿ ಚಿಂದಿಬಟ್ಟೆಯಲ್ಲಿ ಗಂಟುಕಟ್ಟಿ ಅದೇ ಡಬ್ಬಿಯ ತಳದಲ್ಲಿ ಇಟ್ಟುಕೊಂಡಿದ್ದರು.

ಅಣ್ಣನಿಗೆ ನಿಜ ಹೇಳಿದ ದಿನ ದೊಡ್ಡ ರಂಪವಾಯಿತು. "ಮನೆ ಮಾನ ಹರಾಜು ಹಾಕೋಕೆ ಪುಸ್ತಕ ಮಾಡಿಸ್ತಿದೀನಾ ನಾನು?" ಎಂದು ಕೂಗಾಡಿದ. ಅತ್ತಿಗೆ ಬಾಗಿಲು ಮುಂದೆ ಮಾಡಿದರು. ಕೊನೆಗೆ ಅವನೇ ಇಳಿದುಬಂದು ಒಂದು ದಾರಿ ಹೇಳಿದ. ಪುಸ್ತಕದ ಕೊನೆಯಲ್ಲಿ "ನಮ್ಮ ಮನೆತನದ ಏಳಿಗೆಗೆ ದುಡಿದವರಿಗೆ ವಂದನೆಗಳು" ಎಂದು ಹಾಕಿ ಆ ಮೂರು ಹೆಸರು ಬರೆದುಬಿಡೋಣ ಎಂದ. ನನಗೂ ಅದು ಚೆನ್ನಾಗಿದೆ ಎನ್ನಿಸಿತು. ಕೆಂಚಿಯನ್ನು ಕೆಂಚಮ್ಮ ಎಂದೂ, ತಿಮ್ಮಿಯನ್ನು ತಿಮ್ಮಮ್ಮ ಎಂದೂ ತಿದ್ದಿ ಬರೆದುಕೊಂಡು ಹೋಗಿ ಯಜಮಾನರಿಗೆ ತೋರಿಸಿದೆ.

ಅವರಿಗೆ ಕೋಪ ಬಂದದ್ದನ್ನು ನಾನು ನೋಡಿದ್ದು ಆವತ್ತೊಂದೇ ದಿನ. "ವಂದನೆ ಯಾಕೆ ಮೇಡಂ? ಅವ್ರೇನು ಉಪಕಾರ ಮಾಡೋಕೆ ಅಂತ ನಿಮ್ಮ ಮನೆಗೆ ಬಂದಿದ್ರಾ? ಪಟ್ಟೀಲಿ ಕೆಂಚಿ ಅಂತೈತೆ, ಕೆಂಚಿ ಅಂತ್ಲೇ ಇರ್ಲಿ. ನಿಮ್ಮೋರು ಹೆಂಗೆ ಕರೆದ್ರೋ ಅಂಗೇ ಕಾಣ್ಲಿ. ಈಗ ಅಮ್ಮ ಗಿಮ್ಮ ಸೇರ್ಸಿ ಪುಣ್ಯ ಕಟ್ಕೋಬ್ಯಾಡಿ!"

ನನಗೂ ಮೈ ಉರಿಯಿತು. "ಹಾಗಾದರೆ ಏನು ಮಾಡಲಿ? ಹಾಕದೆ ಇರಲಾ?" ಎಂದು ಗದರಿದೆ.

"ಅದನ್ನ ನೀವು ನನ್ನ ಕೇಳ್ಬಾರ್ದು, ನಾನು ಹೇಳ್ಬಾರ್ದು. ಅವರ ಮನೆಯೋರ ಕೇಳ್ಬೇಕು. ಬ್ಯಾಡ ಅಂದ್ರೆ ಬ್ಯಾಡ."

"ಅವರ ಮನೆಯವರು ಯಾರು ಅಂತ ಈಗ ಎಲ್ಲಿ ಹುಡುಕಲಿ?"

ಅವರ ಧ್ವನಿ ಇಳಿಯಿತು. "ಅಜ್ಜಿ ಹೆಸ್ರು ಮೊಮ್ಮಗಳಿಗೆ ಬರ್ತದಲ್ವಾ? ನಮ್ಮೋರಿಗೆ ಕಾಗದ ಇರಲಿಲ್ಲ ಮೇಡಂ, ಅದೇ ನಮ್ಮ ಕಾಗದ. ನಿಮ್ಮೂರಿನಾಗೆ ಕೆಂಚಮ್ಮ ಅಂತ ಯಾರ ಮನೇಲಿ ಇಕ್ತಾರೆ, ನೆಪ್ಪು ಮಾಡ್ಕಳ್ಳಿ."

ನೆನಪು ಮಾಡಿಕೊಳ್ಳುವುದೇನು ಬಂತು. ನಾನು ಲಂಗ ಹಾಕುತ್ತಿದ್ದ ಕಾಲದಲ್ಲಿ ನಮ್ಮಮ್ಮನ ಹಿತ್ತಿಲಲ್ಲಿ ರಾಗಿ ಹಸನು ಮಾಡಲು ಬರುತ್ತಿದ್ದವಳ ಹೆಸರೇ ಕೆಂಚಮ್ಮ. ಅವಳ ಮಡಿಲಲ್ಲಿ ತಲೆಯಿಟ್ಟು ಹೇನು ತೆಗೆಸಿಕೊಂಡವಳು ನಾನು. ಅವಳು ಯಾವ ಮನೆಯವಳು, ಯಾಕೆ ತಲೆತಲಾಂತರದಿಂದ ನಮ್ಮ ಹಿತ್ತಿಲಿಗೇ ಬರುತ್ತಾಳೆ ಎಂದು ಒಂದು ದಿನವೂ ಕೇಳಿದವಳಲ್ಲ.

ಹೊರಟೆವು. ಅಣ್ಣನ ಕಾರಿತ್ತು. ಅವರು ಒಪ್ಪಲಿಲ್ಲ. "ಕಾರಿನಾಗೆ ಹೋದ್ರೆ ನಿಮ್ಮ ಮನೆಯೋರು ಬಂದಂಗಾಯ್ತದೆ. ಬಸ್ಸಿಗೆ ಹೋದ್ರೆ ಇಬ್ರು ಮುದುಕ್ರು ಬಂದಂಗಾಯ್ತದೆ," ಎಂದರು. ಕೊರಟಗೆರೆಯಲ್ಲಿ ಬಸ್ಸು ಬದಲಾಯಿಸಿ, ಕೊಳಾಲದ ದಾರಿಯಲ್ಲಿ ಇಳಿದು, ಹೊಲದ ಬದುವಿನ ಮೇಲೆ ನಡೆದು ಹೋದೆವು. ಡಬ್ಬಿ ಅವರ ಕಂಕುಳಲ್ಲಿತ್ತು.

ಕೆಂಚಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸುಲಿಯುತ್ತಿದ್ದರು ಎನ್ನಬೇಕು. ನಾನು "ಹೇಗಿದ್ದೀರಿ ಕೆಂಚಮ್ಮ?" ಎಂದೆ.

"ಇದೇನ್ ಸಣ್ಣಮ್ಮೋರೇ, ನನ್ನ ಬಹುವಚನದಾಗೆ ಮಾತಾಡುಸ್ತೀರಿ? ಹುಷಾರಾಗಿದೀರಾ ಹೆಂಗೆ?" ಎಂದು ಬೊಚ್ಚುಬಾಯಿ ತುಂಬ ನಕ್ಕರು.

ಯಜಮಾನರು ನೀರು ಕೇಳಿ ಕೈ ತೊಳೆದುಕೊಂಡರು. ಕಾಗದ ಬಿಡಿಸಿ, ಇಂಥ ಕಾಗದ, ಇಂಥವರ ಮನೆಯದು ಎಂದು ಹೇಳಿ, ತಳದಿಂದ ಓದಿದರು. ಕೊಪ್ಪರಿಗೆ ಎನ್ನುವವರೆಗೂ ಕೆಂಚಮ್ಮನ ಕೈ ಕಾಯಿ ಸುಲಿಯುತ್ತಲೇ ಇತ್ತು. ಕೆಂಚಿ ಎಂದಾಗ ನಿಂತಿತು. ಯಜಮಾನರು ಬೀಜಗಳನ್ನು ಅವರ ಅಂಗೈ ಮೇಲೆ ಇಟ್ಟರು. ಕೂಸು ಕಿರಿಯವನ ಪಾಲಿಗೆ ಎಂಬುದನ್ನೂ ಮುಚ್ಚಿಡದೆ ಓದಿದರು. ನಾನು ನೆಲ ನೋಡುತ್ತ ಕೂತಿದ್ದೆ.

"ಎಮ್ಮೆ ಆದಮ್ಯಾಲೆ ನಮ್ಮೋರು," ಎಂದರು ಕೆಂಚಮ್ಮ. "ನಮ್ಮೋರು ಆದಮ್ಯಾಲೆ ಕೊಪ್ಪರಿಗೆ. ಅಲ್ವಾ?"

"ಹೂಂ ಕಣವ್ವ," ಎಂದರು ಯಜಮಾನರು.

ಕೆಂಚಮ್ಮ ನನ್ನ ಕಡೆ ತಿರುಗಿದರು. "ಸಣ್ಣಮ್ಮೋರೇ, ಕೊಪ್ಪರಿಗೆ ಐತಾ ಇನ್ನೂ?"

"ಇದೆ."

"ಎಲ್ಲೈತೆ?"

"ಅಣ್ಣನ ಮನೆಯಲ್ಲಿ. ಪಡಸಾಲೆಯಲ್ಲಿ ಇಟ್ಟಿದ್ದಾರೆ. ಹಬ್ಬಕ್ಕೆ ಹುಣಸೆಹಣ್ಣು ಹಾಕಿ ಬೆಳಗುತ್ತಾರೆ."

"ಅದರಾಗೇನಿಕ್ಕವ್ರೆ?"

"ಪ್ಲಾಸ್ಟಿಕ್ ಹೂವು," ಎಂದೆ. ಆ ಕೊಪ್ಪರಿಗೆ ಯಾರ ಕೈಯಿಂದ ಯಾರ ಕೈಗೆ ಬಂತೆಂದು ನಾನು ನಾಲ್ಕು ತಲೆಮಾರು ತಪ್ಪದೆ ಹೇಳಬಲ್ಲೆ. ಪುಸ್ತಕದ ರಕ್ಷಾಪುಟಕ್ಕೂ ಅದರದೇ ಫೋಟೊ ಗೊತ್ತುಮಾಡಿದ್ದೆವು.

ಕೆಂಚಮ್ಮ ಅಂಗೈಯ ಸಣ್ಣ ಬೀಜವನ್ನು ಹೆಬ್ಬೆರಳಿನಿಂದ ಸವರುತ್ತ, "ಈ ಕೂಸಿನ ಹೆಸ್ರೇನಂತೆ?" ಎಂದರು.

"ಬರೆದಿಲ್ಲ ಕಣವ್ವ. ಕೂಸು ಒಂದು ಅಂತಷ್ಟೇ ಐತೆ."

"ಬರೆದಿಲ್ವಾ? ಅಯ್ಯೋ, ಅವ್ನೇ ಕಣಣ್ಣಾ ಓಡ್ಬರೋ ಈರ! ನಮ್ಮಜ್ಜಿ ಹೇಳ್ತಿದ್ಲು. ದುರ್ಗದ ಆಚೆಗೆ ಕೊಟ್ಟಿದ್ರಂತೆ. ಕಾಲು ಬಂದಿದ್ದೇ ತಡ ಅವರವ್ವನ್ನ ಹುಡ್ಕೊಂಡು ಓಡ್ಬರೋನು. ಹಿಡ್ಕೊಂಡೋಗಿ ಕಟ್ಟಾಕೋರು, ಮತ್ತೆ ಓಡ್ಬರೋನು. ಕೊನೇಗೆ ಅವ್ರಿಗೇ ಬ್ಯಾಸರಾಗಿ ಬುಟ್ಬುಟ್ರು. ಈ ಜಗಲಿ ಅವ್ನು ಕಟ್ಟಿದ್ದು. ನಮ್ಮ ಮನೇಲಿ ಪ್ರತಿ ತಲೆಗೂ ಒಬ್ಬ ಈರ ಇರ್ಲೇಬೇಕು." ಅಲ್ಲಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಸಣ್ಣಮ್ಮೋರೇ, ಅಚ್ಚಾಕ್ಸಿ. ಎಲ್ಲಿ ಬರೆದವ್ರೋ ಅಲ್ಲೇ ಹಾಕ್ಸಿ, ಎಮ್ಮೆ ಕೆಳಗೇ ಇರ್ಲಿ, ಓದಿದೋರಿಗೆ ತಿಳೀಲಿ. ಆದ್ರೆ ಈರನ ಹೆಸ್ರು ಸೇರ್ಸಿ."

ನಾನು ಅಲ್ಲೇ ನನ್ನ ಡೈರಿಯಲ್ಲಿ ಬರೆದುಕೊಂಡೆ. ತಲೆಯೆತ್ತಿ ನೋಡಿದರೆ ಯಜಮಾನರು ಅಳುತ್ತಿದ್ದರು. ಸದ್ದಿಲ್ಲದೆ, ಕಾಗದಕ್ಕೆ ಹನಿ ಬೀಳದಂತೆ ಮುಖ ಆಚೆ ತಿರುಗಿಸಿಕೊಂಡು.

"ಯಾಕಣ್ಣ?" ಎಂದರು ಕೆಂಚಮ್ಮ. ಅವರು ಅಜ್ಜಿಯ ಕತೆ ಹೇಳಿದರು. ಹಸು, ಮಂಚ, ಎಷ್ಟು ವರ್ಷದಿಂದ ಹುಡುಕಿದರೂ ಯಾವ ಪಟ್ಟಿಯಲ್ಲೂ ಸಿಗದ ಹೆಸರು, ಎಲ್ಲವನ್ನೂ.

ಕೆಂಚಮ್ಮ ಪೂರ್ತಿ ಕೇಳಿ, "ಆವಮ್ಮನ ಹೆಸ್ರು ನಿಂಗೊತ್ತೈತಾ?" ಎಂದರು.

"ಗೊತ್ತಿಲ್ದೇನವ್ವ. ನನ್ನ ಎತ್ತಿ ಆಡ್ಸಿದೋಳು."

"ಮತ್ತೆ ಅವ್ರ ಕಾಗದದಾಗ್ಯಾಕೆ ತಡಕಾಡ್ತೀಯಣ್ಣ? ಅವ್ರು ಬರೆದ್ರೇನೇ ಇದ್ದಂಗಾ? ನೀನೇ ಬರಿ."

ಯಜಮಾನರು ಕೆಂಚಮ್ಮ ಕೊಟ್ಟ ಅವರೆಕಾಯಿಯ ಗಂಟನ್ನು ಎತ್ತಿಕೊಂಡು ನನ್ನ ಹಿಂದೆ ನಡೆದು ಬಂದರು. ಕೊರಟಗೆರೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮಧುಗಿರಿ ಬಸ್ಸಿಗೆ ಕಾಯುತ್ತಿದ್ದಾಗ, "ಮೇಡಂ, ನಿಮ್ಮ ಪೆನ್ನಿನಾಗೆ ಇಂಕೈತಾ?" ಎಂದರು. ಪೆನ್ನನ್ನು ಅವರ ಕೈಗೆ ಕೊಟ್ಟೆ. ನನ್ನ ಡೈರಿಯ ಹಾಳೆಯ ಮೇಲೆ ಅದರ ತುದಿ ಇಟ್ಟರು, ತೆಗೆದರು. "ಇದು ಓದೋ ಕೈ ಮೇಡಂ. ನೀವೇ ಬರೀರಿ," ಎಂದು ಹೆಸರು ಹೇಳಿದರು.

ಪಾಠ ಕಲಿತಿದ್ದೆನಲ್ಲ, ಅವರು ಹೇಳಿದಷ್ಟನ್ನೇ, ಏನೂ ಸೇರಿಸದೆ ಬರೆಯಹೊರಟೆ. ಅವರು ತಡೆದರು. "ಇಲ್ಲಿ ಅಮ್ಮ ಸೇರ್ಸಿ. ಇದು ಅವ್ರ ಪಟ್ಟಿ ಅಲ್ಲ. ನಮ್ದು."

ಬರೆದೆ. ಊರಿಗೆಲ್ಲ ಓದಿ ಹೇಳಿದ ಆ ಮನುಷ್ಯ ಡೈರಿಯನ್ನು ನನ್ನ ಕಡೆಗೇ ತಿರುಗಿಸಿ, "ಓದಿ," ಎಂದರು. ಓದಿದೆ. "ಇನ್ನೊಂದು ಸಲ." ಓದಿದೆ. ಡಬ್ಬಿಯ ತಳದಿಂದ ಚಿಂದಿಬಟ್ಟೆಯ ಗಂಟು ತೆಗೆದು, ಹಲ್ಲಿನಿಂದ ಬಿಚ್ಚಿ, ಬೀಜವನ್ನು ಆ ಹೆಸರಿನ ಮೇಲೆ ಇಟ್ಟು ಕೂತರು. ಒಂದು ಬಸ್ಸು ಬಂದು ಹೋಯಿತು. ಇಬ್ಬರೂ ಏಳಲಿಲ್ಲ.

ಅಣ್ಣ ಇನ್ನೂ ಒಂದು ಸುತ್ತು ಜಗಳವಾಡಿದ. ಪಟ್ಟಿಯನ್ನು ಪೂರ್ತಿ ಹಾಕದಿದ್ದರೆ ಪುಸ್ತಕವೇ ಬೇಡ, ನಾನು ಬರೆದುದನ್ನೆಲ್ಲ ಒಲೆಗೆ ಹಾಕುತ್ತೇನೆ ಎಂದೆ. ಕೆಂಚಮ್ಮ ಕೊಪ್ಪರಿಗೆಯ ವಿಷಯ ಕೇಳಿದ್ದನ್ನೂ ಹೇಳಿದೆ. "ಈಗೇನು, ಕೊಪ್ಪರಿಗೆ ಹೊತ್ತುಕೊಂಡು ಹೋಗಿ ಅವರಿಗೆ ಕೊಡಬೇಕಾ?" ಎಂದು ರೇಗಿದ. ಆದರೆ ಅಚ್ಚಿಗೆ ಹೋಗುವ ಹಿಂದಿನ ದಿನ ಅವನೇ ಫೋನು ಮಾಡಿ, ರಕ್ಷಾಪುಟಕ್ಕೆ ಕೊಪ್ಪರಿಗೆ ಬೇಡ, ಬೆಟ್ಟದ ಫೋಟೊ ಹಾಕು ಎಂದ. ಮೂಕಜೀವಿಗಳ ಮೇಲಿನ ಮಮತೆಯ ಬಗ್ಗೆ ಬರೆದಿದ್ದ ವಾಕ್ಯಗಳನ್ನೂ ನಾನು ತೆಗೆಯಲಿಲ್ಲ. ನಾನು ತಪ್ಪು ತಿಳಿದು ಹೀಗೆ ಬರೆದಿದ್ದೆ ಎಂದು ಒಪ್ಪಿಕೊಂಡು, ಅದರ ಕೆಳಗೇ ಪಟ್ಟಿಯನ್ನೂ ಈರನ ಹೆಸರನ್ನೂ ಅಚ್ಚುಹಾಕಿಸಿದೆ.

ಪುಸ್ತಕವನ್ನು ಯಜಮಾನರ ಮನೆಗೆ ಒಯ್ದು ಕೊಟ್ಟಾಗ ಅವರು ಹಾಸಿಗೆ ಹಿಡಿದಿದ್ದರು. ಕೊನೆಯ ಪುಟದಿಂದ ಮೊದಲಿಗೆ ಮಗುಚಿದರು. ಈರನ ಹತ್ತಿರ ಬೆರಳು ನಿಂತಿತು. "ಬಂದ್ಬುಟ್ಟ," ಎಂದರು. ಹೆಸರಿನ ವಿಷಯದಲ್ಲಿ ನನ್ನಿಂದ ಮಾತು ತೆಗೆದುಕೊಂಡದ್ದು ಆವತ್ತೇ. "ನೀವು ಯಾವತ್ತಾದ್ರೂ ನನ್ನ ವಿಚಾರ ಬರೀತೀರಿ, ನಂಗೊತ್ತು. ನಾನು ಬ್ಯಾಡ. ಡೈರೀಲಿರೋದನ್ನ ಬರೀರಿ. ಅಚ್ಚಿನಾಗೆ ಬರ್ಲಿ."

ಕೊಟ್ಟ ಮಾತನ್ನು ಇಲ್ಲಿ ನಡೆಸುತ್ತಿದ್ದೇನೆ. ಪಾವಗಡದ ಕಡೆಯಿಂದ ಮಿಡಿಗೇಶಿಯ ಕಡೆಗೆ ಒಂದು ಮದುವೆಯ ಗಾಡಿಯ ಹಿಂದೆ, ಹಸುವಿನ ಹಗ್ಗ ಹಿಡಿದುಕೊಂಡು ಒಬ್ಬ ಹುಡುಗಿ ಅಷ್ಟು ದೂರವೂ ನಡೆದೇ ಬಂದಳು. ಅವರ ಹೆಸರು ಸಣ್ಣನಾಗಮ್ಮ.